ತಲೆ ಯಾರ ಮುಂದೆ

ಸೆಪ್ಟೆಂಬರ್ 3

ತಣ್ಣೀರು ಸ್ನಾನ. ಕ್ಷೌರ. ಗಲ್ಲದ ಕೆಳಗೆ ಕೊಯ್ದುಕೊಂಡೆ — ಬ್ಲೇಡು ಚೀನಾದ್ದು. ಆರೂವರೆಗೆ ಕಾರ್ಖಾನೆಯ ಗೇಟಿನ ಹತ್ತಿರ ಸಾಲು ನಿಲ್ಲಿಸಿದೆ. ಕಡಿಯುವವರು, ಬೇಯಿಸುವವರು, ಡಬ್ಬಿ ಮುಚ್ಚುವವರು, ಲಾರಿಯವರು, ಎಲ್ಲರನ್ನೂ. ಮೊದಮೊದಲು ಇದೇನು ಬ್ಯಾರಕ್ಕೇ ಎಂದು ನಗುತ್ತಿದ್ದರು. ಈಗ ನಗುವುದಿಲ್ಲ. ಇಬ್ಬರು ತಡ. ಸಂಬಳ ಕಟ್ ಮಾಡಿ ವಾಪಸ್ ಕಳಿಸಿದೆ. ಒಬ್ಬ ಬಸ್ಸು ಕೆಟ್ಟಿತ್ತು ಎಂದ. ಯುದ್ಧ ನಿನ್ನ ಬಸ್ಸಿಗೆ ಕಾಯುತ್ತದೆಯೇ ಎಂದು ಕೇಳಿದೆ. ಯಾವ ಯುದ್ಧ ಎನ್ನುವ ಹಾಗೆ ಮುಖ ನೋಡಿದ. ಅವನಿಗೆ ಇಡೀ ವಾರ ಕಟ್.

ಮೂವತ್ತೆಂಟು ವರ್ಷ ಸಮವಸ್ತ್ರ ಹಾಕಿದವನು ನಾನು. ಎರಡು ದೇಶಗಳ ಸೈನ್ಯ. ಅದರಲ್ಲಿ ಒಂದು ದೇಶವೇ ಈಗಿಲ್ಲ. ಟ್ಯಾಂಕ್ ಬೆಟಾಲಿಯನ್, ರೆಜಿಮೆಂಟು, ಡಿವಿಷನ್. ನಿವೃತ್ತಿಯಾದ ಮೇಲೆ ಒಂದು ಬೇಸಿಗೆ ಬಾಲ್ಕನಿಯಲ್ಲಿ ಟೊಮ್ಯಾಟೊ ಬೆಳೆಸಿದೆ. ಆಮೇಲೆ ಸಪಾರ್ ಬಂದ. ನನ್ನ ಬೆಟಾಲಿಯನ್ನಿನಲ್ಲಿ ಅಡುಗೆ ಸಿಪಾಯಿಯಾಗಿದ್ದವನು. ಈಗ ಕರಗಂಡ ಪಟ್ಟಣದ ಅಂಚಿನಲ್ಲಿ ಡಬ್ಬಿ ಮಾಂಸದ ಕಾರ್ಖಾನೆ, ಸಾವಿರ ಕುದುರೆ, ಬಾಯಲ್ಲಿ ಚಿನ್ನದ ಹಲ್ಲು. ನೀವು ಬಂದು ನಿರ್ದೇಶಕರಾಗಿ ಕೂತರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದ. ಕೂತೆ. ಉಳಿದದ್ದನ್ನು ನಿಜವಾಗಿಯೂ ಅವನೇ ನೋಡಿಕೊಳ್ಳುತ್ತಿದ್ದಾನೆ.

ಮಧ್ಯಾಹ್ನ ಬೇಯಿಸುವ ಕೋಣೆಗೆ ಹೋದೆ. ಹಬೆಯ ಹಿಂದೆ ಇಬ್ಬರು ಹೆಂಗಸರು. ನಾನು ಬಂದದ್ದು ಅವರಿಗೆ ಕಾಣಲಿಲ್ಲ.

“ಮದುವೆ ಜನರಲ್ಲು ಇವತ್ತು ಯಾರ್ ಮೇಲೆ ಹಾರಾಡ್ತಾನೋ” ಎಂದಳು ಒಬ್ಬಳು.

“ಹಾರಾಡ್ಲಿ ಬಿಡೇ. ಸಪಾರಣ್ಣ ಕಟ್ಟಿಹಾಕಿರೋ ನಾಯಿ, ಬೊಗಳಕ್ಕೂ ಬೇಡ ಅಂದ್ರೆ ಹೆಂಗೆ” ಎಂದಳು ಇನ್ನೊಬ್ಬಳು.

ಮದುವೆ ಜನರಲ್. ಹೆಸರಿಲ್ಲದ ಮನೆಯವರು ಹಿಂದೆಲ್ಲ ಮದುವೆಗೆ ಒಬ್ಬ ಮುದಿ ಜನರಲ್‌ನನ್ನು ಕರೆತಂದು ಮೇಲಿನ ಜಾಗದಲ್ಲಿ ಕೂರಿಸುತ್ತಿದ್ದರಂತೆ, ಪದಕಗಳು ಮಿನುಗಲಿ ಎಂದು. ತಿನ್ನುವುದು, ಕುಡಿಯುವುದು, ಎದ್ದು ಹೋಗುವುದು, ಅಷ್ಟೇ ಅವನ ಕೆಲಸ. ಇಬ್ಬರನ್ನೂ ಅಲ್ಲೇ ಕೆಲಸದಿಂದ ತೆಗೆದೆ. ಒಬ್ಬಳು ಅತ್ತಳು. ಗಂಡ ಕಲ್ಲಿದ್ದಲ ಗಣಿಯಲ್ಲಿ ಶ್ವಾಸಕೋಶ ಹಾಳು ಮಾಡಿಕೊಂಡು ಮನೆಯಲ್ಲಿ ಮಲಗಿದ್ದಾನಂತೆ. ಹಾಗಿದ್ದರೆ ಬಾಯಿ ಇನ್ನೂ ಬಿಗಿಯಾಗಿ ಇಟ್ಟುಕೊಳ್ಳಬೇಕಿತ್ತು ಎಂದೆ.

ಮಾತು ಚುಚ್ಚಿತು, ಸುಳ್ಳೇಕೆ. ಸಪಾರ್ ತಲೆಯಾಡಿಸದೆ ನನ್ನ ಸಹಿಗೆ ಮೂರು ಕಾಸಿನ ಬೆಲೆಯಿಲ್ಲ ಎಂಬುದು ಹಬೆಯ ಹಿಂದಿನ ಹೆಂಗಸರಿಗೂ ಗೊತ್ತು. ಇದು ಹೀಗೇ ನಡೆಯಬಾರದು. ಷೇರು ಬೇಡ, ಹಣ ಬೇಡ. ಇಲ್ಲಿ ಹುಕುಂ ನನ್ನದಾಗಬೇಕು. ಅದಾಗದೆ ಸಾಯುವುದಿಲ್ಲ.

ಸೆಪ್ಟೆಂಬರ್ 14

ಸಪಾರ್‌ನ ಊರಾಚೆಯ ಮನೆಯಲ್ಲಿ ಔತಣ. ಸೈನ್ಯಕ್ಕೆ ಡಬ್ಬಿ ಮಾಂಸ ಕೊಡುವ ಗುತ್ತಿಗೆಗಾಗಿ. ರಾಜಧಾನಿಯಿಂದ ಬಂದ ಅಧಿಕಾರಿಗಳು. ನನಗೆ ಸಮವಸ್ತ್ರ ಹಾಕಿಕೊಂಡು ಬರಲು ಹೇಳಿದ್ದ. ಹೇಳಿದ್ದ! ನನಗೆ!

ಕುರಿಯ ತಲೆಯನ್ನು ಮರ್ಯಾದೆಗೆಂದು ಮೊದಲು ಹಿರಿಯ ಅಧಿಕಾರಿಯ ಮುಂದೆ ಇಟ್ಟರು. ಆತ ಎದೆಯ ಮೇಲೆ ಕೈಯಿಟ್ಟು, “ನಮ್ಮಪ್ಪ ಇದ್ದಾರೆ, ಊರಲ್ಲಿ ಗಟ್ಟಿಮುಟ್ಟಾಗಿದ್ದಾರೆ” ಎಂದು ತಟ್ಟೆಯನ್ನು ನನ್ನ ಕಡೆ ತಿರುಗಿಸಿದ. ಸರಿಯಾದದ್ದೇ. ಅಪ್ಪ ಬದುಕಿರುವವನು ತಲೆಗೆ ಚಾಕು ಹಾಕುವುದಿಲ್ಲ. ಹಾಕಿದರೆ ಅಪ್ಪ ಸತ್ತ ಎಂದು ಸಾರಿದಂತೆ. ನಮ್ಮಲ್ಲಿ ಎಂಥ ಕುಡುಕನೂ ಇದನ್ನು ಮರೆಯುವುದಿಲ್ಲ. ನಾನು ಕೆನ್ನೆಯ ಮಾಂಸ ಕೊಯ್ದು ಹಂಚಿದೆ. ಕಿವಿಯನ್ನು ಮನೆಯ ಮಗುವಿಗೆ ಕೊಟ್ಟೆ, ದೊಡ್ಡವರ ಮಾತು ಕೇಳಲಿ ಎಂದು.

ಅಲ್ಲಿಯವರೆಗೆ ಎಲ್ಲ ಚೆನ್ನ. ಮೂರನೆಯ ಸುತ್ತಿನ ವೋಡ್ಕಾಗೆ ಸಪಾರ್ ಎದ್ದ. ಅದೇ ಕಥೆ. ಪ್ರತಿ ಔತಣದಲ್ಲೂ ಅದೇ.

“ಎಂಬತ್ತೊಂದನೇ ಇಸ್ವಿ. ನಾನು ಗಂಜಿ ತಳ ಹಿಡಿಸ್ಬಿಟ್ಟೆ. ಇವ್ರು ಏನ್ ಮಾಡಿದ್ರು ಗೊತ್ತಾ? ಇಡೀ ಬೆಟಾಲಿಯನ್ ಮುಂದೆ ಕೂರ್ಸಿ ಆ ಹಂಡೆ ನನ್ ಕೈಲೇ ಖಾಲಿ ಮಾಡ್ಸಿದ್ರು. ವಾಂತಿ ಬಂತು. ಅದ್ನೂ ತಿನ್ನು ಅಂದ್ರು. ಅವತ್ತಿಂದ ಇವತ್ತಿನ್ ತನಕ ನನ್ ಅಡುಗೆ ತಳ ಹಿಡ್ದಿಲ್ಲ, ಓರೆಕೆ. ಎಲ್ಲ ನಿಮ್ ಆಶೀರ್ವಾದ.”

ಓರಾಜ್‌ಬೆಕ್ ಎಂಬ ಹೆಸರನ್ನು ಗೌರವಕ್ಕೆ ಓರೆಕೆ ಮಾಡಿ ಕರೆಯುತ್ತಾನೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಹಾಗೆ ತಿನ್ನಿಸಿದ್ದಕ್ಕೇ ಅವನು ಮನುಷ್ಯನಾದ, ಅದು ಬೇರೆ ಮಾತು. ಆಮೇಲೆ ಕೈತುಂಬ ಕೊಬ್ಬಿನ ತುಂಡು ಬಾಚಿ, ಮೇಜು ಸುತ್ತಿ ಬಂದು, ನನ್ನ ಬಾಯಿಯ ಮುಂದೆ ಹಿಡಿದ. ಕೈತುತ್ತು! ಹಿರಿಯರು ಕಿರಿಯರ ಬಾಯಿಗೆ ಇಡುವುದು ಅದು. ಅವನು ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಮೇಜಿನಲ್ಲಿದ್ದ ಎಲ್ಲರಿಗೂ ಅರ್ಥವಾಯಿತು, ಆದರೂ ಅರ್ಥವಾಗದವರ ಹಾಗೆ ನೋಡಿದರು. ಬಾಯಿ ತೆರೆದೆ. ಬೆರಳು ಗಂಟಲವರೆಗೆ ತುರುಕಿದ. ಕೊಬ್ಬು ಗಲ್ಲದಿಂದ ಪದಕಗಳ ಮೇಲೆ ಇಳಿಯಿತು. ನುಂಗಿದೆ.

ಗುತ್ತಿಗೆ ಸಿಕ್ಕಿತು.

ಸೆಪ್ಟೆಂಬರ್ 29

ನನ್ನ ಕಡೆಯವನೊಬ್ಬ ಕಾರ್ಖಾನೆಯೊಳಗೆ ಬೇಕು. ಬೇರೆ ಯಾರೂ ಇಲ್ಲದ್ದರಿಂದ ತಲ್ಗಾತ್‌ನನ್ನು ಲಾರಿ ವಿಭಾಗಕ್ಕೆ ಹಾಕಿದೆ. ನನ್ನ ಮಗ. ಮೂವತ್ತೈದು. ಹೆಂಡತಿ ಬಿಟ್ಟುಹೋಗಿದ್ದಾಳೆ, ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಬಿದ್ದಿರುತ್ತಾನೆ, ಸಾರು ಚೆನ್ನಾಗಿ ಮಾಡುತ್ತಾನೆ. ಗಂಡಸಿಗೆ ಹೇಳಿಕೊಳ್ಳುವ ಗುಣವೇ ಅದು?

ಕ್ಯಾಪ್ಟನ್ ಆಗಿದ್ದ. ಯುದ್ಧಾಭ್ಯಾಸದಲ್ಲಿ ಹೆಪ್ಪುಗಟ್ಟಿದ ನದಿ ದಾಟಲು ಆಜ್ಞೆ ಬಂತು. ಮಂಜುಗಡ್ಡೆ ತೆಳ್ಳಗಿದೆ, ನನ್ನ ಟ್ಯಾಂಕುಗಳನ್ನು ಇಳಿಸುವುದಿಲ್ಲ ಎಂದು ನಿಂತುಬಿಟ್ಟ. ಪಕ್ಕದ ಕಂಪನಿ ದಾಟಿತು. ಒಂದು ಟ್ಯಾಂಕ್ ಮುಳುಗಿತು, ಸರಿ, ಉಳಿದವು ದಾಟಿದವಲ್ಲ? ಅವನನ್ನು ವಜಾ ಮಾಡಿದ ಆದೇಶಕ್ಕೆ ನಾನೇ ಸಹಿ ಹಾಕಿದೆ. ಸ್ವಂತ ಮಗನನ್ನೂ ಬಿಡದ ಜನರಲ್ ಎಂದು ಪತ್ರಿಕೆಯಲ್ಲಿ ಬಂತು. ನನ್ನ ಹೆಂಡತಿ ಆ ಪತ್ರಿಕೆ ಒಲೆಗೆ ಹಾಕಿದಳು. ಸಾಯುವ ತನಕ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಮನೆ ಶಾಂತವಾಗಿತ್ತು.

ಕೆಲಸದ ವಿಷಯ ಹೇಳಿದೆ. ಈರುಳ್ಳಿ ಹೆಚ್ಚುತ್ತಿದ್ದವನು ಚಾಕು ಇಟ್ಟು ಕೇಳಿದ.

“ನಾನ್ ಯಾಕಪ್ಪ? ನಿಮಗೆ ನನ್ ಕಂಡ್ರೆ ಆಗಲ್ವಲ್ಲ.”

“ಆಗ್ಬೇಕು ಅಂತ ಎಲ್ಲಿದೆ? ಕಿವಿ ಇದೆಯಲ್ಲ ನಿಂಗೆ, ಅಲ್ಲಿ ಯಾರ್ ಏನ್ ಮಾತಾಡ್ತಾರೆ ಬಂದ್ ಹೇಳು. ಸಾಕು.”

ಬಲಗೈಯ ಗೆಣ್ಣು ಸವರಿಕೊಂಡ. ಅವನ ಅಭ್ಯಾಸ. ಹನ್ನೆರಡರ ವಯಸ್ಸಿನಲ್ಲಿ ಒಂದು ಔತಣದಲ್ಲಿ ಕುರಿಯ ತಲೆಗೆ ಕೈ ಹಾಕಿದ್ದ, ಕಣ್ಣಿನ ಹತ್ತಿರದ ಮಾಂಸ ಇಷ್ಟ ಎಂದು. ಚಾಕುವಿನ ಹಿಡಿಯಿಂದ ಗೆಣ್ಣಿಗೆ ಹೊಡೆದೆ. ನಾನು ಸತ್ತಿದ್ದೇನೇನೋ ಎಂದು ಎಲ್ಲರ ಮುಂದೆ ಕೇಳಿದೆ. ಮೂಳೆ ಸೊಟ್ಟಗೆ ಕೂಡಿಕೊಂಡಿತು. ಪಾಠ ಮಾತ್ರ ನೆಟ್ಟಗೆ ಕೂತಿತು.

ಅಕ್ಟೋಬರ್ 17

ಮಾಂಸ ತರುವ ಶೀತಲೀಕರಣದ ಲಾರಿ ತಡವಾಗಿ ಬಂತು. ಚಾಲಕನಿಗೆ ಜ್ವರ ಎಂದು ತಲ್ಗಾತ್ ಅರ್ಧ ದಿನ ರಜೆ ಕೊಟ್ಟಿದ್ದನಂತೆ. ಸಾಲಿನ ಮುಂದೆ ಕರೆದೆ. “ನಾನು ಅಯೋಗ್ಯ” ಎಂದು ಅವನ ಬಾಯಿಂದಲೇ ಗಟ್ಟಿಯಾಗಿ ಹೇಳಿಸಿದೆ. ಕೊನೆಯ ಸಾಲಿಗೆ ಕೇಳಿಸಲಿಲ್ಲ, ಮತ್ತೆ ಹೇಳಿಸಿದೆ. ಆಮೇಲೆ ಕೂಲಿಯವರ ಜೊತೆ ಸಂಜೆವರೆಗೆ ಪೆಟ್ಟಿಗೆ ಹೊರಿಸಿದೆ. ಮಗ ಎಂದು ಬಿಟ್ಟರೆ ನಾಳೆ ಎಲ್ಲರೂ ಮಕ್ಕಳಾಗುತ್ತಾರೆ.

ಸಪಾರ್ ಮೇಲಿನ ಕಿಟಕಿಯಿಂದ ನೋಡುತ್ತಿದ್ದ. ಸಂಜೆ ತಲ್ಗಾತ್‌ನನ್ನು ಕೋಣೆಗೆ ಕರೆಸಿ ಚಹಾ ಕುಡಿಸಿ, ತನ್ನ ಕಾರಿನಲ್ಲೇ ಮನೆಗೆ ಕಳಿಸಿದ. ಏನು ಕೇಳಿದ ಎಂದು ವಿಚಾರಿಸಿದೆ.

“ಗಂಜಿ ರುಚಿ ಹೆಂಗಿತ್ತು ಅಂದ್ರು.”

“ನೀನೇನಂದೆ?”

“ನಾನ್ ಹುಟ್ಟಿದಾಗ್ಲಿಂದ ಅದೇ ತಿಂತಿದೀನಿ, ಗೊತ್ತಾಗಲ್ಲ ಅಂದೆ.”

ಬಾಯಿ ಬಂದಿದೆ ಇವನಿಗೆ.

ನವೆಂಬರ್ 6

ಸಪಾರ್‌ಗೆ ಲಕ್ವ ಹೊಡೆಯಿತು. ಕುದುರೆ ಕೊಟ್ಟಿಗೆಯಲ್ಲೇ ಬಿದ್ದನಂತೆ. ಬಲಭಾಗ ಪೂರ್ತಿ ಹೋಗಿದೆ, ಮಾತು ಹೋಗಿದೆ. ಆಸ್ಪತ್ರೆಗೆ ಸೇಬು ಕಳಿಸಿದೆ. ಗಟ್ಟಿ ಸೇಬು.

ಈ ರಾತ್ರಿ ಚೆನ್ನಾಗಿ ನಿದ್ದೆ ಬಂದೀತು.

ನವೆಂಬರ್ 19

ಸಪಾರ್‌ನ ಮಗ ಬಂದಿದ್ದಾನೆ ಪ್ರಾಗ್‌ನಿಂದ. ದಿಯಾಸ್. ಹದಿಮೂರಕ್ಕೇ ಹೊರಗೆ ಓದಲು ಹೋದವನು. ಇಪ್ಪತ್ತನಾಲ್ಕು ವರ್ಷ, ತೆಳ್ಳಗಿನ ಗಡ್ಡ, ಕುತ್ತಿಗೆಗೆ ಬಣ್ಣದ ಮಫ್ಲರ್. ನಮ್ಮ ಭಾಷೆಯನ್ನು ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವನ ಹಾಗೆ ಆಡುತ್ತಾನೆ. ಒಳ್ಳೆಯ ಹುಡುಗನೇ. ಕಡಿಯುವ ಕೋಣೆಗೆ ಹೋಗಿ ಎರಡೇ ನಿಮಿಷಕ್ಕೆ ಹೊರಗೆ ಬಂದು ಗೋಡೆ ಹಿಡಿದುಕೊಂಡ. ಕಾರ್ಮಿಕರಿಗೆ ಇಷ್ಟವಾಗಿದ್ದಾನೆ, ಎಲ್ಲರ ಕೈ ಕುಲುಕುತ್ತಾನಲ್ಲ.

ನಿರ್ಧಾರ ಮಾಡುವವರು ಸಪಾರ್‌ನ ಮೂವರು ಚಿಕ್ಕಪ್ಪಂದಿರು. ಷೇರುಗಳ ಬಹುಪಾಲು ಅವರದ್ದು. ದೊಡ್ಡವನು ಬೆಕ್‌ಬೋಲತ್ — ಎಪ್ಪತ್ತೆಂಟು, ನರಿ ಚರ್ಮದ ಟೋಪಿ, ಒಂದೂ ಮಾತು ವ್ಯರ್ಥ ಮಾಡದವನು. ಕಂಪನಿಯ ಅಧಿಕಾರ ದಿಯಾಸ್‌ಗೆ ಹೋಗಬೇಕೋ ನನಗೋ? ಚಳಿಗಾಲದ ಕುದುರೆ ಕಡಿಯುವ ಔತಣದಲ್ಲಿ ಹೇಳುತ್ತಾರಂತೆ. ರಕ್ತ ರಕ್ತದ ಕಡೆಗೇ ಎಳೆಯುತ್ತದೆ. ಹುಡುಗ ದಡ್ಡ ಎಂದು ಬಾಯಲ್ಲಿ ಹೇಳಿದರೆ ಹೊಟ್ಟೆಕಿಚ್ಚು ಎಂದಾರು. ಅವರ ಕಣ್ಣಿಗೇ ಕಾಣಬೇಕು.

ನವೆಂಬರ್ 30

ಆಯಿತು. ಒಂದು ಗುಂಡು ಹಾರಿಸದೆ ಗೆದ್ದ ಯುದ್ಧ. ವಿವರವಾಗಿ ಬರೆಯುತ್ತೇನೆ.

ಸಪಾರ್‌ನ ಮನೆ. ಮೂವರು ಚಿಕ್ಕಪ್ಪಂದಿರು, ನೆಂಟರು, ದಿಯಾಸ್. ಸಪಾರ್‌ನನ್ನು ಆಸ್ಪತ್ರೆಯಿಂದ ತಂದು ಪಕ್ಕದ ಕೋಣೆಯಲ್ಲಿ ಮಲಗಿಸಿದ್ದರು. ಔತಣದ ಸದ್ದಾದರೂ ಕೇಳಲಿ ಎಂದು ಬಾಗಿಲು ತೆಗೆದಿಟ್ಟಿದ್ದರು. ನಾನು ಕುಳಿತಲ್ಲಿಂದ ಅವನ ಕಣ್ಣು ಕಾಣುತ್ತಿತ್ತು. ತಲ್ಗಾತ್ ಕೈ ತೊಳೆಯುವ ನೀರಿನ ಹೂಜಿ ಹಿಡಿದು ಸುತ್ತು ಬಂದ. ಕಜೀ ಬಂತು, ಕುದುರೆ ಮಾಂಸ ತುಂಬಿದ ಕರುಳು, ಬೆರಳು ದಪ್ಪ ಕೊಬ್ಬು. ಆಮೇಲೆ ಕುರಿಯ ತಲೆ. ಮನೆಯವರಿಗೆ ಮನೆಯ ತಲೆ ಇಡುವುದಿಲ್ಲವಲ್ಲ, ಹೊರಗಿನ ಹಿರಿಯ ನಾನೇ. ಬೆಕ್‌ಬೋಲತ್ ತಾನೇ ಎತ್ತಿ ನನ್ನ ಮುಂದಿಟ್ಟ.

ನಾನು ಎದ್ದು ನಿಂತೆ. ಸಪಾರ್ ನನ್ನ ತಮ್ಮನಿದ್ದ ಹಾಗೆ ಎಂದೆ. ಕಣ್ಣಲ್ಲಿ ನೀರೂ ಬಂತು, ಹೇಗೋ. ಆಮೇಲೆ ತಟ್ಟೆಯನ್ನು ನಿಧಾನವಾಗಿ ತಿರುಗಿಸಿ, ಮೂತಿ ದಿಯಾಸ್ ಕಡೆಗೆ ಮಾಡಿ, ಚಾಕುವಿನ ಹಿಡಿಯನ್ನು ಅವನ ಕೈಗೆ ಚಾಚಿದೆ.

“ತಗೋ ಮಗು. ಇನ್ಮೇಲೆ ಈ ಮನೆ ಯಜಮಾನ ನೀನೇ ಅಲ್ವಾ. ನನ್ ಮರ್ಯಾದೆ ನಿಂಗೇ ಸಲ್ಲಲಿ.”

ಹುಡುಗನ ಮುಖ ಅರಳಿತು. ಹನ್ನೊಂದು ವರ್ಷ ಹೊರಗಿದ್ದವನಿಗೆ ಮನೆಯೇ ಎದ್ದು ಬಂದು ಅಪ್ಪಿಕೊಂಡಂತಾಗಿರಬೇಕು. ಬೇಡ ಎನ್ನಬೇಕಾದ ಮಾತು ಅವನಿಗೆ ಯಾರೂ ಕಲಿಸಿರಲಿಲ್ಲ. ಥ್ಯಾಂಕ್ಸ್ ಎಂದ. ಚಾಕು ತೆಗೆದುಕೊಂಡ. ಕೆನ್ನೆ ಕೊಯ್ದ.

ಒಬ್ಬ ಅತ್ತೆ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡಳು. ದಿಯಾಸ್ ಮೊದಲ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಬೆಕ್‌ಬೋಲತ್ ಮುಂದೆ ಚಾಚಿದ, ನಗುನಗುತ್ತಾ. ಮುದುಕ ಅದನ್ನೇ ನೋಡಿದ. ಪಕ್ಕದ ಕೋಣೆಯ ಕಡೆ ನೋಡಿದ. ಅಲ್ಲಿ ಸಪಾರ್‌ನ ಗಂಟಲಿನಿಂದ ಒಂದು ಸದ್ದು ಬಂತು, ಕತ್ತು ಕೊಯ್ದ ಮೇಲೆ ಪ್ರಾಣಿಯಿಂದ ಬರುತ್ತದಲ್ಲ, ಅಂಥದ್ದು. ಬೆಕ್‌ಬೋಲತ್ ಟೋಪಿ ಹಾಕಿಕೊಂಡು ಹೊರಟ. ಹಿಂದೆಯೇ ಇನ್ನಿಬ್ಬರು. ತುಂಡು ಹಿಡಿದ ಕೈ ಹಾಗೇ ಇತ್ತು ಹುಡುಗನದ್ದು. ಏನಾಯ್ತು, ನಾನೇನ್ ಮಾಡ್ದೆ ಎಂದು ಒಬ್ಬೊಬ್ಬರನ್ನೇ ಕೇಳುತ್ತಾ ಹೋದ. ಯಾರು ಹೇಳುತ್ತಾರೆ?

ಕಾರಿನಲ್ಲಿ ತಲ್ಗಾತ್ ಮಾತು ತೆಗೆದ.

“ಅವ್ನಿಗೆ ಗೊತ್ತಿರ್ಲಿಲ್ಲ ಅಪ್ಪ.”

“ಗೊತ್ತಿರ್ಬೇಕಿತ್ತು.”

“ನಿಮ್ಗೆ ಗೊತ್ತಿತ್ತಲ್ಲ, ಅವ್ನಿಗೆ ಗೊತ್ತಿಲ್ಲ ಅಂತ.”

ಶತ್ರುವಿನ ದೌರ್ಬಲ್ಯ ತಿಳಿದಿರುವುದೇ ಸೇನಾಪತಿಯ ಕೆಲಸ ಎಂದು ವಿವರಿಸಿದೆ. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಇವನಿಗೆ ಯುದ್ಧಶಾಸ್ತ್ರ ಹೇಳುವುದು ಗೋಡೆಗೆ ಹೇಳಿದ ಹಾಗೆ.

ಡಿಸೆಂಬರ್ 5

ಪೂರ್ಣಾಧಿಕಾರ ನನಗೆ. ಬೆಕ್‌ಬೋಲತ್ ಸಹಿ ಹಾಕಿ ಕಳಿಸಿದ, ತಾನು ಬರಲಿಲ್ಲ. ದಿಯಾಸ್ ನಿನ್ನೆಯ ವಿಮಾನಕ್ಕೆ ಹೋದ. ಹೋಗುವ ಮೊದಲು ಅಪ್ಪನ ಕಾಲು ಹಿಡಿಯಲು ಹೋದನಂತೆ. ಸಪಾರ್ ಮುಖ ಗೋಡೆಗೆ ತಿರುಗಿಸಿದನಂತೆ.

ಸಪಾರ್‌ನ ಕುರ್ಚಿಯನ್ನು ಕಾವಲುಗಾರನ ಗೂಡಿಗೆ ಹಾಕಿಸಿದೆ. ಹೊಸದು ತರಿಸಿದೆ. ಮೂವತ್ತು ಜನರನ್ನು ಮನೆಗೆ ಕಳಿಸಿದೆ. ಈಗ ಹಬೆಯ ಹಿಂದೆ ಯಾರೂ ಮಾತಾಡುವುದಿಲ್ಲ.

ಡಿಸೆಂಬರ್ 21

ಸಪಾರ್‌ನನ್ನು ನೋಡಿ ಬಂದೆ. ಅವನ ಹೆಂಡತಿ ಗಂಜಿಯ ಬಟ್ಟಲು ಹಿಡಿದು ಕೂತಿದ್ದಳು. ಕೊಡಮ್ಮ, ನಾನು ತಿನ್ನಿಸುತ್ತೇನೆ ಎಂದೆ. ಎಷ್ಟು ಒಳ್ಳೆಯವರು ಎಂದು ಕಣ್ಣೊರೆಸಿಕೊಂಡು ಹೊರಗೆ ಹೋದಳು.

ಚಮಚ ಬೇಡ, ಕೈಯಲ್ಲೇ ತಿನ್ನಿಸಿದೆ. ಅರ್ಧ ಬಾಯಿಯಿಂದ ಸೋರುತ್ತಿತ್ತು. ಸೋರಿದ್ದನ್ನು ಬಾಚಿ ಮತ್ತೆ ಇಟ್ಟೆ. ಹಿರಿಯ ಯಾರು, ಕಿರಿಯ ಯಾರು, ಈಗ ಸರಿಹೋಯಿತಲ್ಲ ಸಪಾರ್ ಎಂದು ಕಿವಿಯಲ್ಲಿ ಕೇಳಿದೆ. ಬಟ್ಟಲು ಖಾಲಿಯಾಗುವವರೆಗೆ ಬಿಡಲಿಲ್ಲ. ಅವನ ಎಡಗಣ್ಣು ಮಾತ್ರ ನನ್ನ ಮೇಲೆಯೇ ಇತ್ತು, ರೆಪ್ಪೆ ಹೊಡೆಯದೆ.

ಎದ್ದಾಗ ಏನೋ ಹೇಳಲು ಹೆಣಗಿದ. ಮಾತು ಸ್ವಲ್ಪ ಮರಳಿದೆ.

“ಒಳ್ಳೇ... ಮಗ.”

“ಯಾವ ಮಗ? ಪ್ರಾಗ್‌ಗೆ ಓಡಿಹೋದನಲ್ಲ, ಅವನಾ?”

ಇಲ್ಲ ಎಂದು ತಲೆಯಾಡಿಸಿದ. ಸೊಟ್ಟ ಬಾಯಲ್ಲಿ ನಕ್ಕ ಎಂದು ಕಾಣುತ್ತದೆ. ಬುದ್ಧಿಯೂ ಹೋಗುತ್ತಿದೆ ಪಾಪ. ಬಾಗಿಲಲ್ಲಿ ಹೆಂಡತಿ ಹೇಳಿದಳು, ತಲ್ಗಾತ್ ದಿನಾ ಸಂಜೆ ಬಂದು ಇವರನ್ನು ಹಿಡಿದು ನಡೆಸುತ್ತಾನಂತೆ, ಸಾರು ಮಾಡಿ ತರುತ್ತಾನಂತೆ. ಮನೆಯಲ್ಲಿ ಸಾರು ಕಡಿಮೆಯಾಗುತ್ತಿದ್ದುದು ಅದಕ್ಕೇ.

ಜನವರಿ 23

ಮೈನಸ್ ಮೂವತ್ತನಾಲ್ಕು. ಹಿಮದ ಬಿರುಗಾಳಿ. ಬೆಳಿಗ್ಗೆಯಿಂದ ಉತ್ತರದ ಹೆದ್ದಾರಿ ಕಾಣುತ್ತಿಲ್ಲ. ಸೈನ್ಯದ ಸರಕು ನಾಳೆ ತಲುಪಬೇಕು. ಆರು ಲಾರಿ ಹೊರಡಲಿ ಎಂದೆ.

ತಲ್ಗಾತ್ ಸಾಲಿನ ಮುಂದೆ ನಿಂತು ಆಗುವುದಿಲ್ಲ ಎಂದ. ಎಲ್ಲರಿಗೂ ಕೇಳಿಸುವ ಹಾಗೆ.

“ಗಾಳಿ ನಿಂತ ಮೇಲೆ ಕಳಿಸ್ತೀನಿ. ಮಾಂಸ ಡಬ್ಬೀಲಿದೆ, ಕೆಡಲ್ಲ. ಮನುಷ್ಯರು ಡಬ್ಬೀಲಿಲ್ಲ.”

ಯಾರೋ ನಕ್ಕರು. ಕೋಟು ಕಳಚು ಎಂದೆ. ಕಂಪನಿಯ ಕೋಟು ಅದು, ಕಂಪನಿಯ ಮಾತು ಕೇಳುವವರಿಗೆ. ಕಳಚಿದ. ಟೋಪಿ, ಕೈಗವಸು. ಎಲ್ಲ ನೀಟಾಗಿ ಮಡಚಿ ನನ್ನ ಕಾಲ ಬಳಿ ಇಟ್ಟ. ಅಂಗಿಯಲ್ಲೇ ಗೇಟಿನ ಪಕ್ಕ ನಿಲ್ಲಿಸಿದೆ, ಲಾರಿಗಳು ಅವನ ಮುಂದೆಯೇ ಹಾದುಹೋಗುವ ಹಾಗೆ. ನಾಲ್ವರು ಚಾಲಕರು ಹತ್ತಲಿಲ್ಲ, ಕೆಲಸ ಕಳೆದುಕೊಂಡರು. ಇಬ್ಬರು ಹತ್ತಿದರು. ಎರಡು ಲಾರಿ ಹೊರಟವು.

ತಲ್ಗಾತ್‌ನ ತುಟಿ ನೀಲಿಯಾಗಿತ್ತು. “ಆವತ್ತು ಮಂಜುಗಡ್ಡೆನೂ ತೆಳ್ಳಗೇ ಇತ್ತಪ್ಪ” ಎಂದ. “ಮುಳುಗಿದ ಟ್ಯಾಂಕಲ್ಲಿ ಮೂರು ಜನ ಇದ್ರು. ನೀವು ಒಂದು ದಿನಾನೂ ಅವ್ರ ಹೆಸ್ರು ಕೇಳ್ಲಿಲ್ಲ.”

ಹೆಸರಿನಿಂದ ಏನಾಗಬೇಕು. ಅವನನ್ನು ಯಾರೋ ಕಂಬಳಿ ಹೊದಿಸಿ ಕರೆದುಕೊಂಡು ಹೋದರು, ನನ್ನನ್ನು ಕೇಳದೆ.

ಜನವರಿ 27

ಸರಕು ತಲುಪಿದೆ. ಒಂದು ಲಾರಿ ದಾರಿಯಲ್ಲಿ ಹೂತುಹೋಗಿತ್ತು, ಇನ್ನೊಂದಕ್ಕೆ ತುಂಬಿಕೊಂಡು ಹೋದರು. ಹೂತ ಲಾರಿಯ ಚಾಲಕ ಸೇರಿಕ್‌ಬೋಲ್ ಎಂಬವನ ಎರಡೂ ಕೈಯ ಬೆರಳು ತೆಗೆಯಬೇಕಾಯಿತಂತೆ. ಹೆಬ್ಬೆರಳು ಉಳಿದಿವೆ. ಪ್ರಶಂಸಾಪತ್ರ ಕೊಡಿಸುತ್ತೇನೆ.

ತಲ್ಗಾತ್ ಮನೆಗೆ ಬಂದಿಲ್ಲ. ಸಪಾರ್‌ನ ಮನೆಯಲ್ಲಿ ಜ್ವರದಲ್ಲಿ ಮಲಗಿದ್ದಾನಂತೆ. ಇರಲಿ. ಹಸಿವಾದರೆ ಬಾಲ ಮುದುರಿಕೊಂಡು ಬರುತ್ತಾನೆ.

ಫೆಬ್ರವರಿ 11

ಸಾರು ನಾನೇ ಮಾಡಿದೆ. ತಳ ಹಿಡಿಯಿತು.

ಮಾರ್ಚ್ 2, ಬೆಳಿಗ್ಗೆ

ಒಳ್ಳೆಯ ದಿನ. ಸಪಾರ್ ಕೋಲು ಹಿಡಿದು ನಡೆಯುತ್ತಾನಂತೆ, ಮಾತು ಬಂದಿದೆಯಂತೆ. ಚೇತರಿಕೆಯ ಔತಣ. ಬೆಕ್‌ಬೋಲತ್ ತಾನೇ ಫೋನ್ ಮಾಡಿದ. ಮೇಲಿನ ಜಾಗ ನಿಮಗೇ ಇಟ್ಟಿದ್ದೇವೆ ಎಂದ. ಕಂಪನಿಯ ಮುಂದಿನ ವಿಷಯವೂ ಇತ್ಯರ್ಥವಾಗಲಿ ಎಂದ. ಈ ವರ್ಷ ಲಾಭ ಚೆನ್ನಾಗಿದೆ, ಸೈನ್ಯದ ಗುತ್ತಿಗೆ ಮತ್ತೆ ಸಿಕ್ಕಿದೆ, ಎಲ್ಲ ನನ್ನಿಂದ. ಅಧ್ಯಕ್ಷ ಎಂದು ಬಾಯಿ ಬಿಟ್ಟು ಹೇಳುವುದಷ್ಟೇ ಬಾಕಿ.

ಸಮವಸ್ತ್ರ ಇಸ್ತ್ರಿ ಮಾಡಿಸಿದೆ. ಪದಕಗಳನ್ನು ವಿನೆಗರ್ ಹಾಕಿ ಉಜ್ಜಿದೆ. ಕೊಬ್ಬಿನ ಕಲೆ ಪೂರ್ತಿ ಹೋಗಿದೆ.

ಮಾರ್ಚ್ 2, ಸಂಜೆ

ಬರೆಯುತ್ತೇನೆ. ನಡೆದದ್ದು ನಡೆದ ಹಾಗೆ.

ಬಾಗಿಲಲ್ಲಿ ಕೈ ಕುಲುಕಿದರು. ಮೇಲಿನ ಜಾಗದಲ್ಲಿ ಕೂರಿಸಿದರು. ಮೂವರು ಮುದುಕರು, ನೆಂಟರು, ರಾಜಧಾನಿಯ ಆ ಹಿರಿಯ ಅಧಿಕಾರಿ, ಕೆಲವು ಚಾಲಕರೂ ಇದ್ದರು — ಅವರನ್ನೇಕೆ ಕರೆದರು ಎಂದುಕೊಂಡೆ. ಸೇರಿಕ್‌ಬೋಲ್‌ಗೆ ಪಕ್ಕದವನು ಬಟ್ಟಲು ಎತ್ತಿ ಕುಡಿಸುತ್ತಿದ್ದ. ಆಮೇಲೆ ಸಪಾರ್ ಬಂದ, ತಲ್ಗಾತ್‌ನ ತೋಳು ಹಿಡಿದುಕೊಂಡು. ತಲ್ಗಾತ್ ಸಪಾರ್‌ನ ಉಣ್ಣೆ ಕೋಟು ಹಾಕಿಕೊಂಡಿದ್ದ. ತೆಳ್ಳಗಾಗಿದ್ದಾನೆ. ನನಗೆ ತಲೆಬಾಗಿ ನಮಸ್ಕರಿಸಿದ, ಎದುರಿಗೆ ಕೂತ. ದಾರಿಗೆ ಬಂದ ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ.

ತಲೆ ಬಂತು. ಸಪಾರ್ ತಾನೇ ಎಡಗೈಯಲ್ಲಿ ಹಿಡಿದು ತಂದ, ಬಲಗಾಲು ಎಳೆಯುತ್ತಾ. ನನ್ನ ಹತ್ತಿರ ಬಂದ. ನಾನು ಕೈ ಚಾಚಿದೆ. ನನ್ನನ್ನು ದಾಟಿ ಹೋದ. ತಲ್ಗಾತ್‌ನ ಮುಂದೆ ಇಟ್ಟ. ಮೂತಿ ಅವನ ಕಡೆಗೆ.

ಈ ಸಲ ಗೊತ್ತಿಲ್ಲದವರು ಯಾರೂ ಇರಲಿಲ್ಲ ಅಲ್ಲಿ. ನಾನು ಕಾದೆ. ಎರಡೇ ಮಾತು ಸಾಕಿತ್ತು, ನಮ್ಮಪ್ಪ ಇದ್ದಾರೆ ಎಂದು. ಎದೆಯ ಮೇಲೆ ಕೈಯಿಟ್ಟು ಹೇಳಿ ತಟ್ಟೆ ತಿರುಗಿಸಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಇವನಿಗೆ ಗೊತ್ತು. ಮೂಳೆ ಮುರಿದು ಕಲಿಸಿದ್ದೇನೆ.

ಬಲಗೈಯ ಗೆಣ್ಣು ಸವರಿಕೊಂಡ. ನನ್ನ ಕಡೆ ನೋಡಿದ. ದ್ವೇಷ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ, ಅದು ನನಗೆ ಅಭ್ಯಾಸ. ಏನೂ ಇರಲಿಲ್ಲ. ಗೋಡೆಯ ಮೇಲಿನ ಹಳೆಯ ಫೋಟೋ ನೋಡುವ ಹಾಗೆ ನೋಡಿದ.

ಚಾಕು ತೆಗೆದುಕೊಂಡ. ಮೊದಲು ಕಣ್ಣಿನ ಹತ್ತಿರದ ಮಾಂಸ ಕೊಯ್ದ. ಬಾಯಿಗೆ ಹಾಕಿಕೊಂಡ. ನಿಧಾನವಾಗಿ ಅಗಿದ.

ಆಮೇಲೆ ಹಂಚಿದ. ಬೆಕ್‌ಬೋಲತ್ ಎರಡೂ ಕೈಯಲ್ಲಿ ತೆಗೆದುಕೊಂಡ. ಅಧಿಕಾರಿ ತೆಗೆದುಕೊಂಡ. ಸೇರಿಕ್‌ಬೋಲ್‌ನ ಬಾಯಿಗೆ ತಲ್ಗಾತ್ ತಾನೇ ಎದ್ದು ಹೋಗಿ ಇಟ್ಟ. ತಟ್ಟೆ ನನ್ನ ಎಡಗಡೆಯವನಿಂದ ಬಲಗಡೆಯವನಿಗೆ ಹೋಯಿತು, ನನ್ನ ಎದೆಯ ಮುಂದೆಯೇ, ಪದಕಗಳಿಗೆ ತಾಗುವಷ್ಟು ಹತ್ತಿರ.

“ನಾನ್ ಇಲ್ಲೇ ಇದೀನಿ” ಎಂದೆ. ಗಟ್ಟಿಯಾಗಿಯೇ ಹೇಳಿದೆ. ಯಾರೂ ತಿರುಗಲಿಲ್ಲ.

ಸಪಾರ್ ತೊದಲುತ್ತಾ ಕೇಳಿದ, “ನಿಮ್ಮಪ್ಪ... ಹೆಂಗಿದ್ರು... ಮಗಾ?”

ತಲ್ಗಾತ್ ಬಾಯಿ ಒರೆಸಿಕೊಂಡ. “ಶಿಸ್ತಿನ ಮನುಷ್ಯ” ಎಂದ. “ಗಂಜಿ ಹಾಕ್ತಿದ್ರು.”

ಮುದುಕರು ಅಂಗೈ ಮೇಲೆತ್ತಿದರು, ಸತ್ತವರಿಗೆ ಹೇಳುವ ಪ್ರಾರ್ಥನೆ ಹೇಳಿದರು, ಮುಖ ಸವರಿಕೊಂಡರು. ನನ್ನ ಕೈಯೂ ಮೇಲೆ ಹೋಗಿತ್ತು. ಅಭ್ಯಾಸಬಲ. ಪ್ರಾರ್ಥನೆ ಮುಗಿದ ಮೇಲೆ ಗೊತ್ತಾಯಿತು, ನಾನೂ ಮುಖ ಸವರಿಕೊಂಡಿದ್ದೆ.

ಆಮೇಲೆ ಬೆಕ್‌ಬೋಲತ್ ಕಂಪನಿಯ ವಿಷಯ ಎತ್ತಿದ. ಹಳೆಯ ನಿರ್ದೇಶಕರ ಜಾಗಕ್ಕೆ ತಲ್ಗಾತ್ ಎಂದ. ಹಳೆಯ ನಿರ್ದೇಶಕರು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಸಪಾರ್ ಎಡಗೈಯಲ್ಲಿ ಕೊಬ್ಬಿನ ತುಂಡು ಬಾಚಿ ತಲ್ಗಾತ್‌ನ ಬಾಯಿಗೆ ತುತ್ತು ಇಟ್ಟ. ಹಿರಿಯ ಕಿರಿಯನಿಗೆ. ತಪ್ಪು ಹಿಡಿಯಲು ಏನೂ ಇರಲಿಲ್ಲ.

ಎದ್ದು ಬಂದೆ. ಚಾಲಕ ಕಾರಿನಲ್ಲೇ ಇದ್ದ, ಕಿಟಕಿ ತಟ್ಟಿದೆ, ಸಿಗರೇಟು ಸೇದುತ್ತಾ ಮುಂದೆ ನೋಡುತ್ತಲೇ ಇದ್ದ. ನಡೆದುಕೊಂಡು ಬಂದೆ. ಬೂಟಿನೊಳಗೆಲ್ಲ ಹಿಮ. ದಾರಿಯಲ್ಲಿ ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸು ನನ್ನ ಪದಕ ನೋಡಿ ಎದ್ದು ಜಾಗ ಕೊಟ್ಟಳು. ಅವಳು ಯಾರೆಂದು ಆಮೇಲೆ ನೆನಪಾಯಿತು. ಹಬೆಯ ಹಿಂದಿನವಳು. ಅವಳಿಗೆ ಮಾತ್ರ ನಾನು ಕಂಡೆ.

ಮನೆಯಲ್ಲಿ ತಿನ್ನಲು ಏನೂ ಇಲ್ಲ. ಹಿಂದಿನ ಕೋಣೆಯಲ್ಲಿ ತಲ್ಗಾತ್‌ನ ಚಾಕು, ಮೂರು ಈರುಳ್ಳಿ, ಮೊಳಕೆ ಒಡೆದಿವೆ.

ಸೋತಿಲ್ಲ. ನಾಳೆ ಬೆಳಿಗ್ಗೆ ಆರೂವರೆಗೆ ಗೇಟಿನ ಹತ್ತಿರ ಸಾಲು ನಿಲ್ಲಿಸುತ್ತೇನೆ. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗುತ್ತೇನೆ. ಮೊದಲು ತಲ್ಗಾತ್‌ನನ್ನು. ಅವನು ಬಂದು ನನ್ನ ಮುಂದೆ ನಿಂತು, ಹೌದಪ್ಪ ಎಂದು, ಒಂದೇ ಒಂದು ಸಲ ಅಪ್ಪ ಎಂದು...